ಅಂಗಿಯಷ್ಟು ಹಗುರ

ಸೊಸೆ ಓಡಿಬಂದು ಪ್ಲಗ್ಗನ್ನೇ ಕಿತ್ತುಹಾಕಿದಳು. ಇಸ್ತ್ರಿಪೆಟ್ಟಿಗೆ ಅತ್ತೆಯ ಕೈಯಲ್ಲೇ ಉಳಿಯಿತು.

"ಏನಾಯ್ತೇ? ಮನೆಗೆ ಬೆಂಕಿ ಬಿದ್ದೋರ ಥರ ಬಂದೆ."

"ಅತ್ತೆ, ಅದು ಬಟ್ಟೆ ಅಲ್ಲ."

"ಮತ್ತೇನು, ತಗಡಾ? ಮುದುರಿಕೊಂಡು ಬಿದ್ದಿತ್ತು. ನನ್ನ ಮಗ ಹಾಗೇ ಬ್ಯಾಂಕಿಗೆ ಹೋಗ್ಬೇಕಾ?"

ಮೇಜಿನ ಮೇಲಿದ್ದದ್ದು ಗಂಡನ ಹೊಸ ಗುಂಡುನಿರೋಧಕ ಕವಚ. ಅವನು ಬ್ಯಾಂಕಿನ ಹಣ ಸಾಗಿಸುವ ವ್ಯಾನಿನ ಕಾವಲುಗಾರ. ಅವಳು ಇಂಥ ಕವಚಗಳನ್ನು ಹೊಲಿಯುವ ಕಾರ್ಖಾನೆಯಲ್ಲಿ ಅವುಗಳೊಳಗಿನ ನೂಲಿನ ಹಾಳೆ ಕತ್ತರಿಸುವವಳು. ಹೊಸ ಬಗೆಯ ಪ್ಲಾಸ್ಟಿಕ್ ನೂಲು ಬಂದಾಗ ಮನೆಯಲ್ಲಿ ಹೊಗಳಿದವಳೂ ಅವಳೇ: ಉಕ್ಕಿನ ಕೆಲಸ ಮಾಡುತ್ತೆ, ನೀರಿನ ಮೇಲೆ ತೇಲುತ್ತೆ. ಬಿಸಿ ತಾಗಿದರೆ ಅದು ಸತ್ತಂತೆಯೇ ಎಂದು ಮಾತ್ರ ಹೇಳಿರಲಿಲ್ಲ. ಕವಚಕ್ಕೆ ಯಾರಾದರೂ ಇಸ್ತ್ರಿ ಹಾಕುತ್ತಾರೆಂದು ಯಾರಿಗೆ ಹೊಳೆಯುತ್ತದೆ?

ಜಿಪ್ಪು ಎಳೆದು ಒಳಗಿನ ಹಾಳೆಗಳನ್ನು ಮುಟ್ಟಿದಳು. ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿದ್ದವು. ಎಡಗಡೆ, ಎದೆ ಬರುವಲ್ಲಿ, ಅಂಗೈಯಗಲ ಜಾಗ ಗಾಜಿನಂತೆ ಹೊಳೆಯುತ್ತಿತ್ತು. ಉಗುರಿನಿಂದ ಒತ್ತಿದಳು. ಚಟ್ಟೆಂದು ಬಿರುಕು ಬಿಟ್ಟಿತು.

ಹೊರಗೆ ವ್ಯಾನಿನ ಹಾರನ್. ಗಂಡ ಒಂದು ಬೂಟಿನಲ್ಲಿ ಕುಂಟುತ್ತ ಬಂದ.

"ಕೊಡು, ಹೊತ್ತಾಯ್ತು."

"ಇದು ಸುಟ್ಟುಹೋಗಿದೆ. ಗುಂಡು ತಡೆಯಲ್ಲ. ಇವತ್ತು ಹೋಗ್ಬೇಡಿ."

"ಹೋಗ್ದೆ ಇದ್ರೆ ನಾಳೆಯಿಂದ ಬರಲೇಬೇಡ ಅಂತಾರೆ." ಅವನು ನಗಲು ನೋಡಿದ. "ಅಮ್ಮನ ಇಸ್ತ್ರಿ ಅಲ್ವಾ, ಗುಂಡೇ ಹೆದರಿ ಓಡುತ್ತೆ."

"ನಾನಾ ಸುಟ್ಟಿದ್ದು?" ಎಂದಳು ಅತ್ತೆ. ಇಸ್ತ್ರಿಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ.

ಸೊಸೆ ಬಾಗಿಲ ಹಿಂದಿನ ಮೊಳೆಯಿಂದ ಹಳೆಯ ಕವಚವನ್ನು ಎರಡೂ ಕೈಯಲ್ಲಿ ಇಳಿಸಿದಳು. ಒಳಗಿನ ಉಕ್ಕಿನ ಹಲಗೆಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಆ ಸದ್ದಿಗೆ ಗಂಡನ ಮುಖದ ನಗು ಆರಿತು.

ಅವನ ಜೊತೆಗಾರ ದಪ್ಪಣ್ಣ ತೊಟ್ಟಿದ್ದೂ ಇಂಥದ್ದೇ. ಹಿಂದೆ ವ್ಯಾನಿನ ಮೇಲೆ ದರೋಡೆ ನಡೆದ ದಿನ ಅದನ್ನು ಒಂದು ಗುಂಡೂ ದಾಟಲಿಲ್ಲ. ಆದರೆ ಗುಂಡಿನ ಹೊಡೆತಕ್ಕೆ ಅಂಗಾತ ಬಿದ್ದವನು ಆ ಭಾರದಡಿ ಏಳಲಾರದೆ ಆಮೆಯಂತೆ ಕೈಕಾಲು ಆಡಿಸುತ್ತಿದ್ದ. ದರೋಡೆಕೋರರು ಅವಸರವಿಲ್ಲದೆ ನಡೆದುಬಂದು, ಬಗ್ಗಿ, ಮುಖಕ್ಕೆ ಗುಂಡು ಹೊಡೆದರು. ಗಂಡ ವ್ಯಾನಿನೊಳಗಿಂದ ನೋಡಿದ್ದ.

ಮತ್ತೆ ಹಾರನ್.

"ಇದರಲ್ಲಾದ್ರೂ ಎದೆ ಉಳಿಯುತ್ತೆ." ಅವಳು ಹಳೆಯ ಕವಚವನ್ನು ಅವನತ್ತ ಚಾಚಿದಳು. "ದಮ್ಮಯ್ಯ, ಹಾಕ್ಕೊಳ್ಳಿ."

ಅವನು ಹೊಳೆಯುವ ಜಾಗವನ್ನು ಒಮ್ಮೆ ನೋಡಿ, ಹಗುರ ಕವಚವನ್ನೇ ತಲೆಯ ಮೇಲಿಂದ ಇಳಿಬಿಟ್ಟುಕೊಂಡ.

"ಅದನ್ನ ಹಾಕ್ಕೊಳ್ಳಲ್ಲ."