ಅಣ್ಣನ ಪಟ್ಟಿ

ವಾದ್ಯದವರ ನಡುವೆ ಅವನ ಹೆಸರು ‘ಮೊಣಕಾಲು’. ಗಿಟಾರ್ ಅಷ್ಟು ಕೆಳಗೆ ಜೋತಾಡುತ್ತಿತ್ತು. ನೋಡಿದವರು ಷೋಕಿ ಎಂದುಕೊಂಡರು. ಅದು ಭಕ್ತಿ. ಗಿಟಾರಿನ ಹೆಗಲ ಪಟ್ಟಿ ತೀರಿಕೊಂಡ ಅಣ್ಣನದು, ತೊಗಲಿನದು. ಗಿಟಾರಿನ ಗುಂಡಿಗೆ ಸಿಕ್ಕಿಸಲು ತುದಿಯಲ್ಲಿ ಒಂದೇ ತೂತು, ಅಣ್ಣನೇ ಕೊರೆದದ್ದು. ಅಣ್ಣ ಹೋದಾಗ ಇವನಿಗೆ ಒಂಬತ್ತು. ಮುಖ ಮಸುಕಾಗಿ ಪಟ್ಟಿ ಮಾತ್ರ ಉಳಿಯಿತು. ಅದಕ್ಕೆ ಬೇರೆಯವರ ಉಳಿ ತಾಗಬಾರದೆಂದು ಇಪ್ಪತ್ತೆರಡು ವರ್ಷ ಹಾಗೇ ತೊಟ್ಟ.

ಅಷ್ಟು ಕೆಳಗಿನ ತಂತಿಗೆ ಎಟುಕಲು ಎಡ ಮಣಿಕಟ್ಟು ಕೊಕ್ಕೆಯಂತೆ ಬಾಗಬೇಕು. ಬಾಗಿ ಬಾಗಿ ಮೊದಲು ಜೋಮು, ಆಮೇಲೆ ಉರಿ. ಈಗ ತೋರುಬೆರಳು, ನಡುಬೆರಳು ಇದ್ದೂ ಇಲ್ಲದಂತೆ.

ತಂಡದ ಯಜಮಾನ ಡ್ರಮ್ಮಿನವ. ಬೆಳಿಗ್ಗೆಯೇ ಹೇಳಿದ್ದ, “ನೋಡಪ್ಪಾ, ಹಾಡಿನ ಆ ಓಡೋ ತುಂಡಲ್ಲಿ ಮೂರು ಸಲ ಮುಗ್ಗರಿಸಿದೀಯ. ಸಂಜೆ ಸರಿಯಾಗಿ ನುಡಿಸಿದ್ರೆ ಇರ್ತೀಯ. ಇಲ್ಲಾಂದ್ರೆ ಬೇರೆಯವರನ್ನ ಕರೀತೀನಿ. ಬೇಜಾರು ಮಾಡ್ಕೋಬೇಡ.”

ಮಧ್ಯಾಹ್ನ ಅಡುಗೆಮನೆ ಬಾಗಿಲಲ್ಲಿ ನಿಂತು ಅದೇ ತುಂಡನ್ನು ತಡವರಿಸುತ್ತಿದ್ದ. ಅತ್ತಿಗೆ ಪಾತ್ರೆ ಒರೆಸುವುದನ್ನು ಬಿಟ್ಟು ನೋಡಿದಳು.

“ಅಲ್ವೋ, ಸಂತೆ ಚೀಲದ ಥರ ಅದನ್ಯಾಕೆ ಮಂಡಿಗೆ ಇಳಿಬಿಟ್ಟಿದೀಯ?”

“ಅಣ್ಣ ಹೀಗೇ ಹಾಕ್ತಿದ್ದ ಅತ್ತಿಗೆ.”

“ಯಾರು ಹೇಳಿದ್ದು? ಎದೆಗೆ ಅವುಚಿಕೊಂಡೇ ನುಡಿಸ್ತಿದ್ರು. ಕೂಸು ಎತ್ಕೊಂಡ ಹಾಗಿದೆ ಅಂತ ನಾನೇ ಎಷ್ಟು ಸಲ ಆಡಿಕೊಂಡಿಲ್ಲ!”

“ಪಟ್ಟಿ ಇದೇ ಅಲ್ವಾ? ತೂತು ಇದೇ ಅಲ್ವಾ?”

“ಪಟ್ಟಿ ಅದೇ ಕಣೋ, ಆಳು ಅದೇನಾ? ಅವರು ಈ ಬಾಗಿಲು ದಾಟೋಕೆ ತಲೆ ಬಗ್ಗಿಸ್ತಿದ್ರು. ಎದೆ ಅಂದ್ರೆ ಬೀರುವಿನಷ್ಟು ಅಗಲ. ನೀನೋ, ನಮ್ಮತ್ತೆ ಥರ ಗೇಣುದ್ದ!”

ನಗುತ್ತಿದ್ದವಳು ಅವನ ಮುಖ ನೋಡಿ ಮತ್ತೆ ಪಾತ್ರೆಗೆ ಕೈಹಾಕಿದಳು.

ಬೀದಿ ತುದಿಯ ಚಪ್ಪಲಿ ಹೊಲಿಯುವ ಮುದುಕ ಪಟ್ಟಿಯನ್ನು ತಿರುಗಿಸಿ ನೋಡಿದ. “ತೂತು ಅಷ್ಟು ಮೇಲಕ್ಕಾ? ಇಷ್ಟು ವರ್ಷ ಏನಪ್ಪಾ ಮಾಡ್ತಿದ್ದೆ? ಕಾಲು ಸವೆದ ಮೇಲೆ ಜೋಡು ತಂದ ಹಾಗಾಯ್ತು.”

ಉಳಿಯ ಒಂದೇ ಏಟು, ಹೊಸ ತೂತು. ಅಷ್ಟು ಕಾಲ ಅಂಜಿದ್ದು ಇಷ್ಟಕ್ಕೇ.

ಸಂಜೆ ಅಭ್ಯಾಸದ ಕೋಣೆಯಲ್ಲಿ ಗಿಟಾರ್ ಎದೆಗೆ ಬಂದು ಕೂತಿತು. “ಓಹೋ, ಮೊಣಕಾಲು ಬಡ್ತಿ ಪಡೀತು!” ಎಂದು ಯಾರೋ ಕೂಗಿದರು. ಅವನೂ ನಕ್ಕ. ಮಣಿಕಟ್ಟು ನೆಟ್ಟಗಿತ್ತು. ಗಿಟಾರಿನ ಕತ್ತಿನ ಪ್ರತಿ ಮನೆಯೂ, ಪ್ರತಿ ತಂತಿಯೂ ಕಣ್ಣಿಗೆ ಕಾಣುತ್ತಿತ್ತು. ಕಣ್ಣುಮುಚ್ಚಿ ದೇವರನ್ನು ನೆನೆದು ಶುರುಮಾಡಿದ. ನಿಧಾನದ ಭಾಗ ಎಂದಿಗಿಂತ ಚೆನ್ನಾಗಿ ಬಂತು. ಓಡುವ ತುಂಡು ಬಂದಾಗ ಕೈ ಸಿದ್ಧವಿತ್ತು, ದಾರಿ ತೆರೆದಿತ್ತು. ಎರಡು ಬೆರಳು ಮಾತ್ರ ತಂತಿಯ ಮೇಲೆ ಮಲಗಿದವು, ಏಳಲಿಲ್ಲ.

ಡ್ರಮ್ಮಿನವ ಕೋಲುಗಳನ್ನು ತೊಡೆಯ ಮೇಲಿಟ್ಟ.

“ಗೊತ್ತು ಬಿಡಿ” ಎಂದು ಇವನೇ ಗಿಟಾರ್ ಕಳಚಿದ.

ಹೊರಗೆ ಮೆಟ್ಟಿಲ ಮೇಲೆ ಕೂತು ಎಡಗೈಯಿಂದ ಪಟ್ಟಿಯನ್ನು ಸವರಿದ. ಹೊಸ ತೂತು ಎಲ್ಲಿದೆಯೆಂದು ಆ ಬೆರಳುಗಳಿಗೆ ತಿಳಿಯಲಿಲ್ಲ. ಬಲಗೈಯಿಂದ ಹುಡುಕಬೇಕಾಯಿತು.