ಮೂರನೆಯ ಸಿಲಿಂಡರಿನ ವಿಚಾರಣೆ

ಮಾವನವರ ಹಳೆಯ ಕಾರಿನಲ್ಲಿ ನಾಲ್ಕು ಸಿಲಿಂಡರುಗಳಿದ್ದವು. ಮೂರು ದುಡಿಯುತ್ತಿದ್ದವು, ಒಂದು ಮನಸ್ಸು ಬಂದಾಗ ಮಾತ್ರ. ಮಾವನವರು ನಿವೃತ್ತರಾದ ತೂಕ-ಅಳತೆ ಕಚೇರಿಗೆ ಹೋಲಿಸಿದರೆ ಇದು ಒಳ್ಳೆಯ ಹಾಜರಾತಿಯೇ ಎಂದು ಅಳಿಯ ಹೇಳುತ್ತಿದ್ದ, ಮಾವನವರಿಗೆ ಕೇಳಿಸುವಷ್ಟೇ ಮೆಲ್ಲಗೆ.

ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಬಿಕ್ಕಳಿಸುತ್ತಿತ್ತು. ಏರು ಸಿಕ್ಕರೆ ಸೈಕಲ್ಲಿನವರು ಕನಿಕರದಿಂದ ನೋಡುತ್ತ ಮುಂದೆ ಹೋಗುತ್ತಿದ್ದರು. ಗ್ಯಾರೇಜಿನವನು ಪ್ಲಗ್ಗು ಬದಲಿಸಿದ, ಫಿಲ್ಟರ್ ಬದಲಿಸಿದ, ಕೇಳದಿದ್ದರೂ ವೈಪರ್ ಬದಲಿಸಿದ. ಕೊನೆಗೆ, "ಇನ್ನು ಎಂಜಿನ್ನೇ ಬದಲಾಯಿಸ್ಬೇಕು ಸಾರ್," ಎಂದು ಕೈ ಒರೆಸಿಕೊಂಡ.

ಮಾವನವರ ಮಗಳು ತೀರ್ಪು ಕೊಟ್ಟಳು. ಭಾನುವಾರ ಗುಜರಿಯವನು ಬರುತ್ತಾನೆ. ಅಷ್ಟರೊಳಗೆ ಕಾಯಿಲೆ ಏನೆಂದು ಗೊತ್ತಾದರೆ ಕಾರು ಉಳಿಯುತ್ತದೆ, ಇಲ್ಲದಿದ್ದರೆ ಅಪ್ಪ ಚೆಸ್ ಕ್ಲಬ್ಬಿಗೆ ಅಳಿಯನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಹೋಗತಕ್ಕದ್ದು. ಮಾವನವರು ಒಮ್ಮೆ ಹಾಗೆ ಹೋಗಿದ್ದರು. ಕ್ಲಬ್ಬಿನ ಮೆಟ್ಟಿಲ ಮೇಲೆ ಎಲ್ಲರೂ ನಿಂತಿದ್ದಾಗ ಅಳಿಯ, "ಹುಷಾರು ಮಾವ, ಕಾಲೂರಿಕೊಂಡು ಇಳೀರಿ," ಎಂದಿದ್ದ. ಆ ಸಂಜೆ ಮಾವನವರು ಆಟ ಶುರುವಾಗುತ್ತಲೇ ಮಂತ್ರಿಯನ್ನು ಕಳೆದುಕೊಂಡರು.

ಮನೆಯಲ್ಲಿ ಅಭಿಪ್ರಾಯಗಳಿಗೆ ಬರವಿರಲಿಲ್ಲ. "ಪೆಟ್ರೋಲಲ್ಲಿ ನೀರು ಬೆರೆಸ್ತಾರೆ. ಅಳತೆ ಇಲಾಖೇಲಿದ್ದೋನು ನಾನು, ನಂಗೊತ್ತಿಲ್ವಾ?" ಎಂಬುದು ಮಾವನವರ ವಾದ. ಅಳಿಯ ಕನ್ನಡಕದ ಅಂಗಡಿಯವನು. ಎಂಜಿನ್ನಿನ ದೋಷ ಓದುವ ಸಣ್ಣದೊಂದು ಯಂತ್ರ ತರಿಸಿ ಫೋನಿಗೆ ಜೋಡಿಸಿದ್ದ. ಅದು ಪ್ರತಿ ಸಲವೂ ಮೂರನೆಯ ಸಿಲಿಂಡರ್ ಎಂದೇ ಹೇಳುತ್ತಿತ್ತು. ಯಾಕೆಂದು ಹೇಳುತ್ತಿರಲಿಲ್ಲ. "ಸೆನ್ಸರ್ರು," ಎಂದು ಅಳಿಯನೇ ಅದರ ಪರವಾಗಿ ಹೇಳುತ್ತಿದ್ದ.

ಮಗಳು ನಾಟಕದ ರಂಗಮಂದಿರದಲ್ಲಿ ದೀಪಗಳನ್ನು ನೋಡಿಕೊಳ್ಳುವವಳು. ಶುಕ್ರವಾರ ಊಟದ ನಡುವೆ ಅವಳೆಂದಳು: "ಒಂದೊಂದು ಸಿಲಿಂಡರ್‌ಗೂ ಕಿಡಿ ಕೊಡೋಕೆ ಒಂದೊಂದು ಕಾಯಿಲ್ ಇದೆ ಅಲ್ವಾ? ಮೂರನೇದನ್ನ ತೆಗೆದು ಎರಡಕ್ಕೆ ಹಾಕಿ, ಎರಡರದ್ದು ಮೂರಕ್ಕೆ. ತೊಂದರೆ ಎರಡಕ್ಕೆ ಹೋದ್ರೆ ಕಾಯಿಲ್ ಕೆಟ್ಟಿದೆ, ಮೂರರಲ್ಲೇ ಉಳಿದ್ರೆ ಬೇರೇನೋ. ದೀಪ ಕೆಟ್ರೆ ನಾವು ಹಾಗೇ ಮಾಡೋದು. ಅದಲುಬದಲು ಮಾಡಿದೋರು ಟೇಪ್ ಹಚ್ಚಬೇಕು ಅಷ್ಟೆ, ಇಲ್ದಿದ್ರೆ ಹಿಂದಿಂದ ಇನ್ನೊಬ್ಬ ಬಂದು ವಾಪಸ್ ಹಾಕ್ತಾನೆ."

ಮಗಳ ಮದುವೆಯಾದಂದಿನಿಂದ ಮೊದಲ ಬಾರಿಗೆ ಮಾವ-ಅಳಿಯ ಒಟ್ಟಿಗೆ ನಕ್ಕರು. "ಇದು ಕಾರಮ್ಮ, ನಾಟಕ ಅಲ್ಲ," ಎಂದರು ಮಾವ. ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸಿ, 'ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?' ಎಂದು ಕೇಳಿಯೇ ಹೊಟ್ಟೆ ಹೊರೆಯುವ ಅಳಿಯನೂ ತಲೆಯಾಡಿಸಿದ.

ಶನಿವಾರ ಮಗಳು ತಾಲೀಮಿಗೆ ಹೋದಳು. ಅಳಿಯ ಸ್ನಾನಕ್ಕೆ ಹೋದದ್ದೇ ತಡ, ಮಾವನವರು ಶೆಡ್ಡಿಗೆ ನುಸುಳಿ ಎರಡು ಮತ್ತು ಮೂರನೆಯ ಕಾಯಿಲ್‌ಗಳನ್ನು ಅದಲುಬದಲು ಮಾಡಿದರು. ನಕ್ಕ ಮೇಲೆ ಮಾಡಿದ್ದು ಗೊತ್ತಾಗಬಾರದಲ್ಲ, ಹಾಗಾಗಿ ಟೇಪ್ ಹಚ್ಚಲಿಲ್ಲ, ಎಂಜಿನ್ನನ್ನೂ ಚಾಲೂ ಮಾಡಲಿಲ್ಲ. ಮಧ್ಯಾಹ್ನ ಅವರು ಪತ್ರಿಕೆಯ ಕೆಳಗೆ ಗೊರಕೆ ಹೊಡೆಯುತ್ತಿದ್ದಾಗ ಅಳಿಯನೂ ಶೆಡ್ಡಿಗೆ ಹೋಗಿ ಅದೇ ಎರಡು ಕಾಯಿಲ್‌ಗಳನ್ನು ಅದಲುಬದಲು ಮಾಡಿದ. ಅದೇ ಕಾರಣಕ್ಕೆ ಅವನೂ ಟೇಪ್ ಹಚ್ಚಲಿಲ್ಲ, ಎಂಜಿನ್ ಚಾಲೂ ಮಾಡಲಿಲ್ಲ. ಮನೆಯಲ್ಲಿ ಇಷ್ಟು ಅಚ್ಚುಕಟ್ಟಾದ ಸಹಕಾರ ಅದುವರೆಗೆ ನಡೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಗುಜರಿಯವನು ಎಳೆಯುವ ಸರಪಳಿ ಸಮೇತ ಗೇಟಿನ ಬಳಿ ನಿಂತ. ಮಾವನವರು ಎಂಜಿನ್ ಚಾಲೂ ಮಾಡಿದರು. ಕಾರು ನಡುಗಿತು. ಅಳಿಯ ಫೋನ್ ನೋಡಿ, "ಮೂರನೇದೇ," ಎಂದ.

"ಹಾಗಾದ್ರೆ ಕಾಯಿಲ್ ಅಂತೂ ಅಲ್ಲ," ಎಂದರು ಮಾವ.

"ಖಂಡಿತ ಅಲ್ಲ," ಎಂದ ಅಳಿಯ.

ಗುಜರಿಯವನು ಸರಪಳಿಯ ಕೊಕ್ಕೆಯನ್ನು ಬಂಪರಿನ ಕೆಳಗೆ ಸಿಕ್ಕಿಸಿದ. ಮಾವನವರು ಸ್ಟೀರಿಂಗ್ ಬಿಡಲಿಲ್ಲ. ಅವರ ಕಣ್ಣು ಮೂಲೆಯಲ್ಲಿದ್ದ ಸ್ಕೂಟರಿನ ಹಿಂದಿನ ಸೀಟಿನ ಮೇಲಿತ್ತು.

"ಒಂದ್ನಿಮಿಷ," ಎಂದಳು ಮಗಳು. "ಕಾಯಿಲ್ ಅಲ್ಲಾಂತ ನಿಮಗೆ ಹೇಗಪ್ಪ ಗೊತ್ತು?"

ಮಾವನವರು ಸ್ಪೀಡೋಮೀಟರನ್ನು ಓದತೊಡಗಿದರು. ಅದು ಸೊನ್ನೆ ತೋರಿಸುತ್ತಿತ್ತು.

"ಸುಮ್ನೆ... ನಿನ್ನೆ ಒಂದ್ಸಲ ಅದಲುಬದಲು ಮಾಡಿ ನೋಡ್ದೆ."

"ನೀವಾ?" ಅಳಿಯನ ಮುಖ ಬಿಳುಚಿತು. "ಯಾವಾಗ?"

"ನೀನು ಸ್ನಾನಕ್ಕೆ ಹೋದಾಗ. ಯಾಕೆ?"

"ನಾನು ಮಧ್ಯಾಹ್ನ ಮಾಡ್ದೆ."

ಗುಜರಿಯವನಿಗೇ ಮೊದಲು ನಗು ಬಂತು. "ಅಂದ್ರೆ ಎಲ್ಲಿತ್ತೋ ಅಲ್ಲೇ ಇದೆ ಅನ್ನಿ."

"ಟೇಪ್?" ಎಂದಳು ಮಗಳು. ಮಾವ ಅಳಿಯನನ್ನು ನೋಡಿದರು, ಅಳಿಯ ಮಾವನನ್ನು. ಅವಳು ಜೇಬಿನಿಂದ ಹಳದಿ ಟೇಪಿನ ಸುರುಳಿ ತೆಗೆದು, ಎಂಜಿನ್ ನಿಲ್ಲಿಸಿ, ಮೂರನೆಯ ಕಾಯಿಲ್‌ಗೆ ಒಂದು ತುಂಡು ಹಚ್ಚಿ ಎರಡನೆಯ ಜಾಗಕ್ಕೆ, ಎರಡನೆಯದನ್ನು ಮೂರರ ಜಾಗಕ್ಕೆ ಹಾಕಿದಳು. ಮತ್ತೆ ಚಾಲೂ ಮಾಡಿದಾಗ ಫೋನು ಎರಡನೆಯ ಸಿಲಿಂಡರ್ ಎಂದಿತು.

"ಕಾಯಿಲ್ಲೇ," ಎಂದ ಅಳಿಯ, ತಾನೇ ಕಂಡುಹಿಡಿದವನ ಗಾಂಭೀರ್ಯದಲ್ಲಿ.

ಕಾರು ಒಯ್ಯಲು ಬಂದಿದ್ದ ಗುಜರಿಯವನು ತನ್ನ ಅಂಗಳದಲ್ಲಿ ಸತ್ತು ಮಲಗಿದ್ದ ಇದೇ ಮಾದರಿಯ ಕಾರೊಂದರಿಂದ ಕಾಯಿಲ್ ತಂದು ಮಾರಿ ಹೋದ. ಎಂಜಿನ್ನು ಬಿಕ್ಕಳಿಕೆ ನಿಲ್ಲಿಸಿತು. ಊಟದ ಹೊತ್ತಿಗೆ, ಅದಲುಬದಲಿನ ಉಪಾಯವನ್ನು ಮಗಳಿಗೆ ಚಿಕ್ಕಂದಿನಲ್ಲಿ ಕಲಿಸಿದ್ದೇ ತಾವು ಎಂಬುದು ಮಾವನವರಿಗೆ ನೆನಪಾಯಿತು.

ಸಂಜೆ ಅವರು ಗೇಟಿನ ಬಳಿ ಕಾರು ನಿಲ್ಲಿಸಿ ಅಳಿಯನನ್ನು ಕರೆದರು. "ಅಂಗಡಿಗೆ ಹೊರಟ್ಯಾ? ಬಾ, ಬಿಡ್ತೀನಿ."

ಅಳಿಯ ಮುಂದಿನ ಬಾಗಿಲಿಗೆ ಕೈಹಾಕಿದ.

"ಅಲ್ಲಿ ಚೆಸ್ ಬೋರ್ಡ್ ಇದೆ ಕಣಪ್ಪ," ಎಂದರು ಮಾವ. "ಹಿಂದೆ ಕೂತ್ಕೊ. ಹುಷಾರು, ಇಳಿಯುವಾಗ ಕಾಲೂರಿಕೊಂಡು ಇಳಿ."