ಮಸಿ ಹಚ್ಚದ ಹೆಸರು

ಕಾತ್ಯಾಯಿನಿ ಕುಂಚ ಹಿಡಿದು ಕಲ್ಲಿನ ಮೇಲಿನ ಒಂದು ಹೆಸರಿನ ಕೊನೆಯ ಗೆರೆಗೆ ಮಸಿ ತುಂಬುತ್ತಿದ್ದಾಗ ಬೆನ್ನ ಹಿಂದೆ ಊರುಗೋಲಿನ ಸದ್ದಾಯಿತು. ತಿರುಗಿ ನೋಡಿದರೆ ಪಕ್ಕದ ಮನೆಯ ಫುಮಿಕೊ ಅಜ್ಜಿ. ತೊಂಬತ್ತೈದರ ಜೀವ, ಆಗಸ್ಟಿನ ಬಿಸಿಲಿನಲ್ಲಿ ಗುಡಿಯ ಮೆಟ್ಟಿಲುಗಳನ್ನೆಲ್ಲ ಒಬ್ಬರೇ ಹತ್ತಿ ಬಂದಿದ್ದರು. ಮಾಸ್ಕ್ ಗಲ್ಲಕ್ಕೆ ಜಾರಿತ್ತು.

"ಮುಂದಿನ ಹೆಸರು ಬಿಟ್ಟುಬಿಡು," ಎಂದರು ಅಜ್ಜಿ, ಇನ್ನೂ ಏದುಸಿರು ಬಿಡುತ್ತಲೇ.

ಹಿರೋಷಿಮಾದಿಂದ ಒಳನಾಡಿನ ಕಡೆಗೆ, ಗುಡ್ಡಗಳ ಸಂದಿಯ ಹಳ್ಳಿ ಅದು. ಯುದ್ಧಕ್ಕೆ ಹೋಗಿ ಸತ್ತ ಊರಿನ ಗಂಡಸರ ಹೆಸರುಗಳನ್ನು ಕೆತ್ತಿದ ಕಲ್ಲೊಂದು ಗುಡಿಯ ಅಂಗಳದಲ್ಲಿತ್ತು. ವರ್ಷಕ್ಕೊಮ್ಮೆ, ಯುದ್ಧ ಮುಗಿದ ಆಗಸ್ಟ್ ಹದಿನೈದರ ಸ್ಮರಣೆಗೆ ಮುಂಚೆ, ಊರೆಲ್ಲ ಸೇರಿ ಅದನ್ನು ತೊಳೆದು ಅಕ್ಷರಗಳಿಗೆ ಹೊಸ ಮಸಿ ತುಂಬುವುದು ವಾಡಿಕೆ. ಈ ವರ್ಷ ಕೊರೋನಾ, ಯಾರೂ ಸೇರುವಂತಿಲ್ಲ. ಸರದಿ ಕಾತ್ಯಾಯಿನಿಯ ಮನೆಗೆ ಬಂದಿತ್ತು. "ಮನೆಗೊಬ್ಬರು ಸಾಕು," ಎಂದು ಊರಿನ ಸಂಘದ ಹಿರಿಯ ನಕಾತಾ-ಸಾನ್ ಫೋನಿನಲ್ಲಿ ಹೇಳಿದ್ದರು. ಆ ಮನೆಯಲ್ಲಿ ಇದ್ದದ್ದೇ ಒಬ್ಬಳು.

ಗಂಡ ನಿತಿನ್, ಮಗಳು ಸಿಂಧೂರಾ ಫೆಬ್ರವರಿಯಲ್ಲಿ ಮದುವೆಯೊಂದಕ್ಕೆಂದು ಮೈಸೂರಿಗೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು. ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಇವಳಿಗೆ ಆಗ ರಜೆ ಸಿಕ್ಕಿರಲಿಲ್ಲ. ಆಮೇಲೆ ವಿಮಾನಗಳು ನಿಂತವು. ಅದರ ಹಿಂದೆಯೇ ಜಪಾನು ಬಾಗಿಲು ಹಾಕಿಕೊಂಡಿತು. ವೀಸಾ ಇದ್ದವರಿಗೂ ಒಳಗೆ ಪ್ರವೇಶವಿಲ್ಲ, ಹೊರಗೆ ಹೋದರೆ ಮರಳಿ ಬರುವಂತಿಲ್ಲ. ಭಾರತದ ವಿಶೇಷ ವಿಮಾನಗಳು ಆಗೊಮ್ಮೆ ಈಗೊಮ್ಮೆ ಟೋಕಿಯೋದಿಂದ ಹೊರಡುತ್ತಿದ್ದವು. ಹತ್ತಿದರೆ ಕೆಲಸ ಹೋದಂತೆಯೇ. ನಿತಿನ್ ತನ್ನ ಕೆಲಸ ಬಿಟ್ಟು ಇವಳ ಹಿಂದೆ ಬಂದವನು. ಮನೆ ನಡೆಯುತ್ತಿದ್ದುದು ಇವಳೊಬ್ಬಳ ದುಡಿಮೆಯಿಂದ.

ಆ ದಿನ ಬೆಳಿಗ್ಗೆಯಷ್ಟೇ ಅವನು ಫೋನಿನಲ್ಲಿ ಹೇಳಿದ್ದ: "ಸಿಂಧೂನ ಇಲ್ಲೇ ಸ್ಕೂಲಿಗೆ ಸೇರಿಸ್ಬಿಟ್ವಿ ಕಣೆ, ಆನ್‌ಲೈನ್. ಅಮ್ಮನ ಜೊತೆ ಚೆನ್ನಾಗಿ ಅಡ್ಜಸ್ಟ್ ಆಗಿದಾಳೆ. ರಾತ್ರಿ ನಿನ್ನ ಕೇಳೋದೂ ಬಿಟ್ಟಿದಾಳೆ. ನೀನು ಟೆನ್ಷನ್ ತಗೋಬೇಡ."

ಸಮಾಧಾನಕ್ಕೆಂದೇ ಆಡಿದ ಮಾತು. ಅದು ಅವಳ ಎದೆಯಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು.

"ಯಾಕೆ ಬಿಡಬೇಕು ಅಜ್ಜಿ?" ಅವಳು ತನಗೆ ಬರುವ ಜಪಾನೀ ಭಾಷೆಯಲ್ಲಿ ಕೇಳಿದಳು. ಮುಂದಿನ ಹೆಸರು ಶಿಗೆರು. ಅದರ ಜೊತೆಗೆ ಕೆತ್ತಿದ್ದು ಅಜ್ಜಿಯ ಮನೆತನದ್ದೇ ಹೆಸರು.

"ಅವನು ಸಾಯಲಿಲ್ಲ."

ಅಜ್ಜಿ ಕಲ್ಲಿನ ಕಟ್ಟೆಯ ಮೇಲೆ ಕೂತರು. ಕಾತ್ಯಾಯಿನಿ ತನ್ನ ನೀರಿನ ಬಾಟಲಿ ಕೊಟ್ಟಳು; ಅದನ್ನು ಕೈಯಲ್ಲಿ ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ.

"ನನ್ನ ಮೊದಲನೇ ಗಂಡ. ಬರ್ಮಾದಲ್ಲಿ ಸತ್ತ ಅಂತ ಸೈನ್ಯದವರು ಹೇಳಿ ಕಳಿಸಿದರು. ಬಿಳೀ ಬಟ್ಟೆ ಸುತ್ತಿದ ಪೆಟ್ಟಿಗೆ ಬಂತು. ಒಳಗೆ ಮೂಳೆ ಇರಲಿಲ್ಲ, ಒಂದು ಕಲ್ಲಿತ್ತು. ವರ್ಷ ತುಂಬೋ ಮುಂಚೆ ಅತ್ತೆ ನನ್ನನ್ನ ಅವನ ತಮ್ಮನಿಗೆ ಕೊಟ್ಟು ಮದುವೆ ಮಾಡಿದಳು. ಹೊಲಕ್ಕೆ ಆಳು ಬೇಕಲ್ಲ, ಸೊಸೆ ಆಚೆ ಹೋಗಬಾರದಲ್ಲ. ಆಗೆಲ್ಲ ಹಾಗೇ ಮಾಡೋರು. ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ ಅವನು ಬಂದ."

"ಬದುಕಿ ಬಂದರಾ?"

"ನಾನು ಬಸುರಿ. ಅಂಗಳದಲ್ಲಿ ಯಾರೋ ಕೆಮ್ಮಿದ್ದು ಕೇಳಿ ಏಳಕ್ಕೆ ಹೋದೆ. ಅತ್ತೆ ನನ್ನನ್ನ ಉಗ್ರಾಣಕ್ಕೆ ನೂಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಎಷ್ಟು ಬಡಿದೆ! ಅವನು ನೀರು ಕೇಳಿದ. ಕುಡಿದ. ತಮ್ಮನ ಹತ್ತಿರ ಏನೋ ಹೇಳಿದ, ಕೇಳಿಸಲಿಲ್ಲ. ಬಾಗಿಲು ತೆಗೆದಾಗ ಅಂಗಳದಲ್ಲಿ ಯಾರೂ ಇಲ್ಲ." ಅಜ್ಜಿ ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸಿದರು. "ಆಮೇಲೆ ಈ ಕಲ್ಲು ನಿಲ್ಲಿಸಿದರು. ಅತ್ತೆ ಅವನ ಹೆಸರನ್ನೂ ಬರೆಸಿದಳು. ಪ್ರತಿ ವರ್ಷ ಎಲ್ಲರ ಮುಂದೆ ನಿಂತು ನಾನು ತಲೆ ಬಾಗಿಸಬೇಕು. ಈ ವರ್ಷ ಯಾರೂ ಇಲ್ಲ."

ಮರಗಳಲ್ಲಿ ಸಿಕಾಡ ಕೀಟಗಳು ಒಂದೇ ಸಮನೆ ಅರಚುತ್ತಿದ್ದವು. ಕಾತ್ಯಾಯಿನಿ ಕುಂಚವನ್ನು ಮಸಿಯಲ್ಲಿ ಅದ್ದಿದಳು. ಅವಳು ಆ ಹೆಸರನ್ನು ದಾಟಿ, ಅದರಾಚೆಯ ಹೆಸರಿಗೆ ಕುಂಚ ಇಟ್ಟಳು.

ಮರುದಿನ ನಕಾತಾ-ಸಾನ್ ಫೋನ್ ಮಾಡಿದರು. ತುಂಬ ಚೆನ್ನಾಗಿ ಮಾಡಿದ್ದೀರಿ, ನಿಮ್ಮಿಂದ ಬಹಳ ಉಪಕಾರವಾಯಿತು ಎಂದೆಲ್ಲ ಹೇಳಿ ಆಮೇಲೆ ಮೆಲ್ಲಗೆ, "ಒಂದು ಹೆಸರು ಉಳಿದುಹೋದ ಹಾಗಿದೆ," ಎಂದರು.

"ಸುಮಿಮಾಸೆನ್," ಎಂದಳು ಕಾತ್ಯಾಯಿನಿ. ಕ್ಷಮೆಯ ಆ ಪದ ಈಗೀಗ ಉಸಿರಿನಷ್ಟೇ ಸಲೀಸಾಗಿ ಹೊರಬರುತ್ತಿತ್ತು. ಆದರೆ ಇವತ್ತು ಅಲ್ಲಿಗೆ ನಿಲ್ಲಲಿಲ್ಲ. "ಅದು ಮರೆತದ್ದಲ್ಲ, ನಕಾತಾ-ಸಾನ್."

ನಕಾತಾ-ಸಾನ್ ದನಿ ತಗ್ಗಿಸಿದರು. "ಫುಮಿಕೊ-ಸಾನ್ ಬಂದಿದ್ದರೋ?"

"ಬಂದಿದ್ದರು."

"ಹಾಗೋ," ಎಂದರು ಮುದುಕ. "ನಾನಾಗ ಚಿಕ್ಕವನು. ಅಪ್ಪ ಹೇಳಿದ್ದ, ಅವನು ಬಂದುಹೋದ ಸುದ್ದಿ ಎಲ್ಲೂ ಎತ್ತಬೇಡ ಅಂತ." ಮತ್ತೆ, "ಬಿಸಿಲು ಬಹಳ. ಇನ್ನೊಮ್ಮೆ ಹತ್ತೋದು ಬೇಡ, ಬಿಡಿ," ಎಂದು ಫೋನ್ ಇಟ್ಟರು.

ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ವರ್ಷಾವರ್ಷ ಮಸಿ ತುಂಬಿದ್ದರು. ‘ರಾತ್ರಿ ನಿನ್ನ ಕೇಳೋದೂ ಬಿಟ್ಟಿದಾಳೆ’ ಎಂಬ ನಿತಿನ್ ಮಾತು ಕಾತ್ಯಾಯಿನಿಯ ಕಿವಿಯಲ್ಲಿ ಮತ್ತೆ ಕೇಳಿಸಿತು. ಅವಳು ಮುಖ ತೊಳೆದು, ಮೈಸೂರಿಗೆ ಫೋನ್ ಮಾಡಿದಳು.

"ನಾನು ಬರ್ತಿದೀನಿ."

"ಹುಚ್ಚಾ ನಿಂಗೆ?" ನಿತಿನ್ ಗಾಬರಿಯಾದ. "ಮತ್ತೆ ಒಳಗೆ ಬಿಡಲ್ವಂತೆ. ಜಾಬ್ ಹೋಗತ್ತೆ. ಇಷ್ಟು ದಿನ ಕಾದಿದೀವಿ, ಇನ್ನೊಂದೆರಡು ತಿಂಗಳು—"

"ಬರೋದು ಬೇಡ ಅಂತೀಯಾ?"

"ಹಾಗಂದ್ನಾ ನಾನು?"

"ಹಾಗಾದ್ರೆ ಸರಿ. ಸಿಂಧೂಗೆ ಈಗ್ಲೇ ಹೇಳ್ಬೇಡ. ಬಾಗಿಲು ಅವಳ ಕೈಲೇ ತೆಗೆಸು."

ಅವನು ಮತ್ತೆ ವಾದಿಸಲಿಲ್ಲ. ಮೂಗು ಎಳೆದುಕೊಂಡ ಸದ್ದು ಮಾತ್ರ ಕೇಳಿಸಿತು.

ಕಾರ್ಖಾನೆಯವರು ಅತ್ಯಂತ ವಿನಯದಿಂದ ರಾಜೀನಾಮೆ ಸ್ವೀಕರಿಸಿದರು. ಹೊರಡುವ ದಿನ ಫುಮಿಕೊ ಅಜ್ಜಿ ಬೇಲಿಯ ಬಳಿ ಬಂದು, ಹಿತ್ತಲಿನ ಸೌತೆಕಾಯಿಗಳನ್ನು ಚೀಲದಲ್ಲಿ ತುಂಬಿ ಕೊಟ್ಟರು.

"ನಿಮ್ಮ ಕಡೆ ಸೌತೆಕಾಯಿ ಸಿಗುತ್ತಾ?"

"ಸಿಗುತ್ತೆ ಅಜ್ಜಿ."

"ಇಂಥದ್ದು ಸಿಗಲ್ಲ," ಎಂದರು ಅಜ್ಜಿ. ಕೈ ಚಾಚಿ ಅವಳ ಕೆನ್ನೆ ಮುಟ್ಟಲು ಹೋದವರು, ಕೊರೋನಾ ಕಾಲವೆಂಬುದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಕಾತ್ಯಾಯಿನಿಯೇ ಆ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

ಟೋಕಿಯೋ ಕಡೆಗಿನ ಶಿಂಕಾನ್ಸೆನ್ ರೈಲಿನ ಬೋಗಿಯಲ್ಲಿ ಅವಳೊಬ್ಬಳೇ. ಒಸಾಕಾದಲ್ಲಿ ರೈಲು ನಿಂತಿತು. ಬಾಗಿಲು ತೆರೆದುಕೊಂಡಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಪ್ಲಾಟ್‌ಫಾರ್ಮಿನ ಬಿಸಿಗಾಳಿ ಒಂದಿಷ್ಟು ಒಳಗೆ ನುಗ್ಗಿ ಖಾಲಿ ಸೀಟುಗಳ ತಲೆಯ ಭಾಗಕ್ಕೆ ಹೊದಿಸಿದ ಬಿಳಿಯ ಬಟ್ಟೆಗಳನ್ನು ಅಲುಗಿಸಿತು.